ನಾಲ್ಕನೇ ಖಾನೆ

ವಾರ್ಡ್ ಸಭೆ, ಬೆಳಿಗ್ಗೆ ಹನ್ನೊಂದಕ್ಕೆ.
ಹತ್ತು ವರ್ಷದಿಂದ ಅದೇ ನೋಟೀಸು,
ತಾರೀಖಷ್ಟೇ ಬದಲಿಸುತ್ತ ಬಂದವ ನಾನು,
ಕಾಗಿಣಾ ದಂಡೆಯ ಪುರಸಭೆಯ ಗುಮಾಸ್ತ, ಅಣವೀರಯ್ಯ.
ಹನ್ನೊಂದಕ್ಕೆ ಓಣಿಯಲ್ಲಿ ಯಾರಿರುತ್ತಾರೆ?
ಹೊರಸಿನ ಮೇಲೆ ಮುದುಕರು, ಬಾಗಿಲಿಗೆ ಬೀಗ,
ಕೀಲಿಕೈ ಪಕ್ಕದ ಮನೆ ಹುಡುಗನ ಕೊರಳಲ್ಲಿ.
ಉಳಿದವರೆಲ್ಲ ಖಣಿಯಲ್ಲಿ, ಇಲ್ಲಾ ಪಾಲಿಶ್ ಮಶೀನಿನ ಮುಂದೆ,
ಮೊಣಕಾಲ ತನಕ ಬೂದಿಬಣ್ಣದ ರಾಡಿ.

ಆದರೂ ಸಭೆ ನಡೆಯುತ್ತಿತ್ತು.
ಹತ್ತು ಖುರ್ಚಿ, ಒಂದು ಶಾಲು, ಮೂವತ್ತು ಚಹಾದ ಬಿಲ್ಲು.
ಸಂಜೆ ರಜಿಸ್ಟರು ಮನೆಮನೆ ತಿರುಗಿ
ಬರದವರನ್ನೂ ಹಾಜರು ಮಾಡಿಕೊಂಡು ಬರುತ್ತಿತ್ತು.
'ಸರ್ವಾನುಮತದಿಂದ' ಎಂದು ನಾನು ಹಿಂದಿನ ದಿನವೇ ಬರೆದಿಟ್ಟಿರುತ್ತಿದ್ದೆ,
ಮತ ಆಮೇಲೆ.

ಹೋದ ಸಲ ಜಗದೇವಿ ಹೆಬ್ಬೆಟ್ಟು ಒತ್ತಲಿಲ್ಲ.
ಬೆರಳಿನ ಗೆರಿ ಕಲ್ಲು ತಿಂದಾವ್ರಿ, ಅಂದಳು,
ರೇಷನ್ ಮಶೀನೂ ಗುರ್ತು ಹಿಡೀವಲ್ದು.
ಒತ್ತಿದ್ರ ಬರೇ ಕಲಿ ಬೀಳ್ತದ.
ಅದಕ್ಕ ಬಾಯಿಲೆ ಹೇಳ್ತೀನಿ, ಬರ್ಕೋರಿ.
ಮೂರು ವರ್ಷದ ಹಿಂದ ನಳ ಕೇಳಿದ್ವಿ.
ಆಯ್ತೋ ಇಲ್ಲೋ, ಇಲ್ಲಂದ್ರ ಯಾಕಿಲ್ಲೋ?
ಮಾಡ್ತೀವಿ, ಮಾಡ್ತೀವಿ ಅನಬ್ಯಾಡ್ರಿ.
ಆಗಂಗಿಲ್ಲಂದ್ರ ಆಗಂಗಿಲ್ಲ ಅನ್ರಿ,
ಮುಂದ ಯಾರಿಗಿ ಕೇಳ್ಬೇಕು ಅಂಬೋದಾರ ತಿಳೀತದ.

ಅಂದು ರಾತ್ರಿ ಹಳೇ ನಡಾವಳಿ ತೆಗೆದೆ.
ನಳ ಇರಲಿಲ್ಲ.
ಅವಳ ಹೆಸರಿರಲಿಲ್ಲ.
ನನ್ನ ದುಂಡು ಅಕ್ಷರ ಇತ್ತು:
ಸ್ವಾಗತ ಕಮಾನು, ಎರಡನೇ ಹಂತ, ಮಂಜೂರು.
ಅದರ ಕೆಳಗೆ
ಗೆರೆಯೇ ಇಲ್ಲದ ಒಂದು ನೀಲಿ ಕಲೆ.

ಈ ಸಲ ನೋಟೀಸು ಹರಿದು ಓಣಿಗೆ ಹೋದೆ, ಕೇಳಲು,
ಎಲ್ಲಿ ಕೇಳಲಿ, ಯಾವಾಗ ಕೇಳಲಿ ಎಂದು.
ಪಗಾರದ ದಿನ ಬೇಡ, ಗಂಡಸರು ನೆಟ್ಟಗಿರುವುದಿಲ್ಲ.
ಸಂತೆ ದಿನ ಬೇಡ.
ಕಚೇರಿಯಂತೂ ಬೇಡವೇ ಬೇಡ,
ಚಪ್ಪಲಿ ಹೊರಗೆ ಬಿಡುವ ಕಡೆ ಮಾತೂ ಹೊರಗೆ ಉಳಿಯುತ್ತದೆ.
ಗುಡಿಕಟ್ಟೆ? ಕೆಳಗಿನ ಓಣಿಯವರು ತಲೆ ತಗ್ಗಿಸಿದರು.
ಮಸೂತಿ ಅಂಗಳ? ಖುರ್ಷಿದಬಿ ನಕ್ಕಳು,
ನಾವ್ ಎಲ್ಲಿ ಕೂಡ್ಬೇಕ್ರಿ ಸಾಬ್ ಅಲ್ಲಿ?
ಕಡೆಗೆ ಉಳಿದದ್ದು ಟ್ಯಾಂಕರು ನಿಲ್ಲುವ ಬಯಲು.
ಅಲ್ಲಿ ಎಲ್ಲರ ಕೊಡವೂ ಎಲ್ಲರ ಕೊಡದೊಡನೆ ಜಗಳಾಡಿದೆ.

ಹೊತ್ತು ಮುಳುಗಿದ ಮೇಲೆ, ಮೈತೊಳೆದು, ರೊಟ್ಟಿ ಬಡಿಯುವ ಮುಂಚೆ.
ಖುರ್ಚಿ ಇಲ್ಲ, ಅಧ್ಯಕ್ಷರಿಗೂ ಇಲ್ಲ,
ಅವರೂ ಬರಲಿಲ್ಲ.
ಕೂಡಲು ಒಡಕು ಫರಸಿ.
ಇಡಿಯದೊಂದು ಫರಸಿ ಗೋಡೆಗೆ ಆನಿಸಿ
ಸೀಮೆಸುಣ್ಣದಲ್ಲಿ ಗೆರೆ ಎಳೆದೆ.
ನೀವು ಹೇಳಿದ್ದು. ಯಾರ ಟೇಬಲ್ಲಿಗೆ ಹೋಯ್ತು. ಏನಾಯ್ತು.
ನಾಲ್ಕನೇ ಖಾನೆ: ಆಗಲಿಲ್ಲ, ಯಾಕಂದ್ರೆ.

ಬಂದವರು ಅರವತ್ತೊಂದು. ಬೈದವರೂ ಹೆಚ್ಚುಕಡಿಮೆ ಅಷ್ಟೇ.
ಲಾಲಸಾಬ ಲೈಟಿನ ಕಂಬದಿಂದ ಶುರುಮಾಡಿ
ತೀರಿಹೋದ ತಮ್ಮನ ತನಕ ಹೋದ, ಯಾರೂ ತಡೆಯಲಿಲ್ಲ,
ಕಂಬಕ್ಕೂ ತಮ್ಮನಿಗೂ ಇದ್ದ ಸಂಬಂಧ
ನನಗೊಬ್ಬನಿಗೇ ಗೊತ್ತಿರಲಿಲ್ಲ.

'ಕುಡಿಯುವ ನೀರಿನ ಸೌಲಭ್ಯ' ಎಂದು ಬರೆಯಹೊರಟಿತು ಕೈ, ಚಾಳಿ.
ಜಗದೇವಿಯ ಮೊಮ್ಮಗಳು ಅಕ್ಷರ ಕೂಡಿಸಿ ಓದಿದಳು ಜೋರಾಗಿ.
ನಾ ಎಲ್ಲಿ ಹಂಗ ಅಂದೀನಿ? ನಳ ಅಂದೀನಿ.
ಅಳಿಸಿದೆ.
ನಳ.
ಎರಡನೇ ಖಾನೆ: ಕಲಬುರಗಿ, ಹೋಗಿ ಬಂತು.
ಮೂರನೇದು: ಆಗಲಿಲ್ಲ.

ನಾಲ್ಕನೇದರ ಮುಂದೆ ಸೀಮೆಸುಣ್ಣ ನಿಂತಿತು.
ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು
ನನ್ನ ನೌಕರಿಯಲ್ಲಿ ಕೇಳಿರಲಿಲ್ಲ ನಾನು.
ಇನ್ನು ಆರು ವರ್ಷ ಸರ್ವೀಸು ಉಳಿದಿದೆ,
ಮಗಳ ಕಾಲೇಜಿದೆ.
ಬರೆದೆ, ಸಣ್ಣಗೆ, ಮೂಲೆಯಲ್ಲಿ:
ದುಡ್ಡು ಕಮಾನಿಗೆ ಹೋಯಿತು.

ದೊಡ್ಡದು ಬರೀರಿ, ಅಂತು ಕತ್ತಲೊಳಗಿಂದ ಹಿಂದಿನ ಸಾಲು,
ಇಲ್ಲಿತನ ಕಾಣವಲ್ದು.